ಮರುಬಳಕೆ ಕಾಗದದ ಅಂಟುಕಣಗಳು: ಎಣಿಸಿದರೆ ಸಾಕೆ?

ಹಳೆಯ ವೃತ್ತಪತ್ರಿಕೆ, ಬರೆದು ಮುಗಿದ ನೋಟುಪುಸ್ತಕಗಳನ್ನು ನೆನೆಹಾಕಿ, ರುಬ್ಬಿ, ಜಾಲರಿಯ ಮೇಲೆ ತೆಳುವಾಗಿ ಹರಡಿ ಹೊಸ ಕಾಗದ ಮಾಡಿ ತೋರಿಸುವುದು ಶಾಲಾ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಪ್ರಯೋಗ. ಅದರ ಪಕ್ಕದಲ್ಲಿ ಮೂರು ಬಾಣಗಳ ಒಂದು ವೃತ್ತವಿರುತ್ತದೆ: ಕಾಗದ, ರದ್ದಿ, ಮತ್ತೆ ಕಾಗದ. ಚಿತ್ರ ಸುಂದರವಾಗಿದೆ. ಆದರೆ ಆ ರದ್ದಿಯಲ್ಲಿ ಒಂದೆರಡು ಲೇಬಲ್ ಹಚ್ಚಿದ ಲಕೋಟೆಗಳನ್ನೂ ಸೇರಿಸಿ ರುಬ್ಬಿದರೆ ಪಾತ್ರೆಯ ಅಂಚಿಗೆ, ಜಾಲರಿಯ ಕಣ್ಣುಗಳಿಗೆ ಏನೋ ಜಿಗುಟು ಹತ್ತಿಕೊಳ್ಳುತ್ತದೆ. ನೀರು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ವೃತ್ತದ ಚಿತ್ರದಲ್ಲಿ ಈ ಜಿಗುಟಿಗೆ ಬಾಣವೇ ಇಲ್ಲ.

ಕಾಗದ ತಯಾರಿಕೆಯವರು ಇದನ್ನು 'ಸ್ಟಿಕೀಸ್' ಎನ್ನುತ್ತಾರೆ. ನಾವು ಇಲ್ಲಿ ಅಂಟುಕಣ ಎನ್ನೋಣ. ಇವುಗಳನ್ನು ಅಳೆಯಲು, ಎಲ್ಲಿ ಎಷ್ಟು ಜಮೆಯಾಗುತ್ತವೆಂದು ಮುನ್ಸೂಚಿಸಲು, ತಡೆಯಲು ಹಲವು ದಶಕಗಳಿಂದ ಸಂಶೋಧನೆ ನಡೆದಿದೆ. ಪರೀಕ್ಷಾ ವಿಧಾನಗಳಿವೆ, ಔಷಧಗಳಂತೆ ಮಾರಾಟವಾಗುವ ರಾಸಾಯನಿಕಗಳಿವೆ. ಆದರೂ ತೊಂದರೆ ನಿಂತಿಲ್ಲ. ಏಕೆ? ಅಳತೆಗಳು ಒಂದು ಪ್ರಶ್ನೆಗೆ ಉತ್ತರ ಕೊಡುತ್ತಿವೆ, ನಾವು ಅವುಗಳನ್ನು ಇನ್ನೊಂದು ಪ್ರಶ್ನೆಗೆ ಉತ್ತರವೆಂದು ಓದುತ್ತಿದ್ದೇವೆ ಎಂಬುದು ಈ ಲೇಖನದ ವಾದ.

ಅಂಟು ಎಲ್ಲಿಂದ ಬರುತ್ತದೆ?

ರದ್ದಿ ಕಾಗದವೆಂದರೆ ಕೇವಲ ನಾರಲ್ಲ. ಲೇಬಲ್ ಮತ್ತು ಲಕೋಟೆಗಳ ಮೇಲೆ ಒತ್ತಿದರೆ ಅಂಟುವ ಅಕ್ರಿಲಿಕ್ ಅಂಟು ಇದೆ. ಪುಸ್ತಕದ ಬೆನ್ನಿಗೂ ರಟ್ಟಿನ ಪೆಟ್ಟಿಗೆಗೂ ಬಿಸಿಯಾಗಿ ಕರಗಿಸಿ ಹಚ್ಚುವ ಅಂಟು ಇದೆ. ಇದರಲ್ಲಿ ಎಥಿಲೀನ್ ವಿನೈಲ್ ಅಸಿಟೇಟ್ ಬಳಕೆ ಹೆಚ್ಚು. ಹೊಳಪು ಕಾಗದದ ಲೇಪದಲ್ಲಿ ಸ್ಟೈರೀನ್ ಬ್ಯುಟಡೈಯೀನ್ ಲೇಟೆಕ್ಸ್, ತೇವ ತಡೆಯುವ ಪೆಟ್ಟಿಗೆಗಳಲ್ಲಿ ಮೇಣ, ಮುದ್ರಣ ಮಸಿಯಲ್ಲಿ ರಾಳ ಇವೆ. ಇವೆಲ್ಲ ಬಹುಮಟ್ಟಿಗೆ ಜಲವಿಕರ್ಷಕ ವಸ್ತುಗಳು. ನೀರಿನಲ್ಲಿರಲು ಅವುಗಳಿಗೆ ಇಷ್ಟವಿಲ್ಲ. ಹಿಡಿದುಕೊಳ್ಳಲು ಒಂದು ಮೇಲ್ಮೈ ಸಿಕ್ಕಿದರೆ ಅಲ್ಲಿ ಕೂತುಬಿಡುತ್ತವೆ.

ಕಾಗದದ ಯಂತ್ರದಲ್ಲಿ ಅಂಥ ಮೇಲ್ಮೈಗಳಿಗೆ ಕೊರತೆಯಿಲ್ಲ. ತಿರುಳು ಹರಡುವ ಜಾಲರಿ, ನೀರು ಹಿಂಡುವ ಫೆಲ್ಟ್ ಬಟ್ಟೆ, ಆವಿಯಿಂದ ಕಾಯಿಸಿದ ಒಣಗಿಸುವ ಸಿಲಿಂಡರುಗಳು, ಎಲ್ಲೆಡೆ ಅಂಟು ಜಮೆಯಾಗುತ್ತದೆ. ಜಾಲರಿಯ ಕಣ್ಣು ಮುಚ್ಚಿದರೆ ಕಾಗದದಲ್ಲಿ ತೂತು ಬೀಳುತ್ತದೆ. ಸಿಲಿಂಡರಿಗೆ ಹತ್ತಿದರೆ ಓಡುತ್ತಿರುವ ಕಾಗದ ಹರಿಯುತ್ತದೆ. ಆಗ ಯಂತ್ರ ನಿಲ್ಲಿಸಿ, ದ್ರಾವಕಗಳಿಂದ ತೊಳೆಯಬೇಕು. ಆ ದ್ರಾವಕದ ಆವಿಯನ್ನು ಉಸಿರಾಡುವವರು ತೊಳೆಯುವ ಕೆಲಸಗಾರರು. ಕೊನೆಗೆ ಕಾರ್ಖಾನೆಯವರು ಇಂಥ ರದ್ದಿಯೇ ಬೇಡ ಎನ್ನುತ್ತಾರೆ. ಅದು ಕಸದ ಗುಂಡಿ ಸೇರುತ್ತದೆ. ಮರುಬಳಕೆಯ ವೃತ್ತ ತುಂಡಾಗುವುದು ಹೀಗೆ.

ಜರಡಿ ಹೇಳುವ ಸತ್ಯ

ಪ್ರಚಲಿತ ಪರೀಕ್ಷೆಗಳ ತತ್ತ್ವ ಸರಳ. ನಿರ್ದಿಷ್ಟ ತೂಕದ ತಿರುಳನ್ನು ಸೀಳುಗಳಿರುವ ಜರಡಿಯ ಮೂಲಕ ಹಾಯಿಸುತ್ತಾರೆ. ಅಮೆರಿಕದ ಟ್ಯಾಪಿ ಸಂಸ್ಥೆಯ ವಿಧಾನದಲ್ಲಿ ಸೀಳಿನ ಅಗಲ 0.15 ಮಿ.ಮೀ., ಯೂರೋಪಿನ ಇಂಗೆಡೆ ಸಂಸ್ಥೆಯ ವಿಧಾನದಲ್ಲಿ 0.10 ಮಿ.ಮೀ. ನಾರುಗಳು ದಾಟಿಹೋಗುತ್ತವೆ, ದೊಡ್ಡ ಅಂಟುಕಣಗಳು ಉಳಿಯುತ್ತವೆ. ಉಳಿದದ್ದನ್ನು ಸೋಸುಕಾಗದದ ಮೇಲಿಟ್ಟು ಬಿಸಿಮಾಡಿ ಒತ್ತಿ, ಬಣ್ಣದ ವ್ಯತ್ಯಾಸ ಕಾಣುವಂತೆ ಮಾಡಿ, ಸ್ಕ್ಯಾನರಿನಿಂದ ಚಿತ್ರ ತೆಗೆದು, ಕಣಗಳ ಸಂಖ್ಯೆ ಹಾಗೂ ವಿಸ್ತೀರ್ಣವನ್ನು ಲೆಕ್ಕಹಾಕುತ್ತಾರೆ. ಫಲಿತಾಂಶ 'ಒಂದು ಕಿಲೋಗ್ರಾಂ ತಿರುಳಿಗೆ ಇಷ್ಟು ಚದರ ಮಿ.ಮೀ.' ಎಂದು ಬರುತ್ತದೆ. ಜರಡಿಯಲ್ಲಿ ಉಳಿದವು ಸ್ಥೂಲ ಅಂಟುಕಣಗಳು, ದಾಟಿಹೋದವು ಸೂಕ್ಷ್ಮ ಅಂಟುಕಣಗಳು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. 1 ಮಿ.ಮೀ. ಬದಿಯ ಘನಾಕಾರದ ಅಂಟಿನ ತುಣುಕೊಂದು ಇದೆಯೆನ್ನಿ. ಚಿತ್ರದಲ್ಲಿ ಅದರ ವಿಸ್ತೀರ್ಣ 1 ಚದರ ಮಿ.ಮೀ. ತಿರುಳು ಕಡೆಯುವಾಗ ಅದು ಒಡೆದು 0.2 ಮಿ.ಮೀ. ಬದಿಯ 125 ತುಣುಕುಗಳಾಯಿತು. ಎಲ್ಲವೂ ಜರಡಿಯಲ್ಲಿ ಉಳಿದರೆ ಒಟ್ಟು ವಿಸ್ತೀರ್ಣ 125 × 0.04, ಅಂದರೆ 5 ಚದರ ಮಿ.ಮೀ. ಇನ್ನೂ ಒಡೆದು 0.05 ಮಿ.ಮೀ. ಬದಿಯ 8,000 ತುಣುಕುಗಳಾದರೆ ಎಲ್ಲವೂ ಸೀಳಿನಲ್ಲಿ ನುಸುಳಿಹೋಗುತ್ತವೆ. ಆಗ ಅಳತೆ ಸೊನ್ನೆ.

ಅಂಟಿನ ತೂಕ ಒಂದು ಮಿಲಿಗ್ರಾಮಿನ ಚೂರೂ ಕಡಿಮೆಯಾಗಿಲ್ಲ. ಆದರೆ ಅಳತೆ 1, 5, 0 ಎಂದು ಬದಲಾಯಿತು. ಇದೇ ವೇಳೆ ನೀರಿಗೆ ತೆರೆದುಕೊಂಡ ಮೇಲ್ಮೈ 6 ಚದರ ಮಿ.ಮೀ.ನಿಂದ 30ಕ್ಕೆ, ಅಲ್ಲಿಂದ 120ಕ್ಕೆ ಏರಿತು. ಅಂಟುವುದು ಮೇಲ್ಮೈಯ ಗುಣ. ಹಾಗಾಗಿ ಅಳತೆ ಸೊನ್ನೆ ತೋರಿಸುವ ಹಂತದಲ್ಲೇ ಅಂಟಿಗೆ ಅವಕಾಶ ಅತ್ಯಧಿಕ. ವಾಸ್ತವದ ತುಣುಕುಗಳು ಘನಾಕೃತಿಯವಲ್ಲ, ನಿಜ. ಬಿಸಿನೀರಿನಲ್ಲಿ ಮೆತ್ತಗಾದ ಅಂಟು ಒತ್ತಡಕ್ಕೆ ಸಿಕ್ಕಿ ಶ್ಯಾವಿಗೆಯಂತೆ ಸೀಳಿನಲ್ಲಿ ತೂರಿಕೊಂಡೂ ಹೋಗಬಲ್ಲದು. ಇದರಿಂದ ವಾದ ಗಟ್ಟಿಯಾಗುವುದೇ ಹೊರತು ಸಡಿಲವಾಗುವುದಿಲ್ಲ.

ಎರಡನೆಯ ದೋಷ ಮಾದರಿಯ ಗಾತ್ರದ್ದು. ಕಣಗಳು ವಿರಳವಾಗಿ, ಗೊತ್ತುಗುರಿಯಿಲ್ಲದೆ ಹರಡಿದ್ದಾಗ n ಕಣ ಎಣಿಸಿದರೆ ಅನಿಶ್ಚಿತತೆ ಸುಮಾರು √n ಇರುತ್ತದೆ. 100 ಕಣ ಸಿಕ್ಕರೆ ±10, ಅಂದರೆ ಶೇ. 10. ಕೇವಲ 9 ಕಣ ಸಿಕ್ಕರೆ ±3, ಅಂದರೆ ಶೇ. 33. ನಿನ್ನೆ 12 ಇತ್ತು, ರಾಸಾಯನಿಕ ಹಾಕಿದ ಮೇಲೆ ಇಂದು 8 ಆಗಿದೆ ಎಂಬ ವರದಿಯಿಂದ ಏನೂ ಸಿದ್ಧವಾಗುವುದಿಲ್ಲ. ರದ್ದಿ ಕಾಗದವಂತೂ ಒಂದೇ ಸಮನಾಗಿ ಬರುವ ವಸ್ತುವಲ್ಲ. ಒಂದು ಹೊರೆಯಲ್ಲಿ ವೃತ್ತಪತ್ರಿಕೆ, ಇನ್ನೊಂದರಲ್ಲಿ ಲೇಬಲ್ ತುಂಬಿದ ಕಚೇರಿ ಕಾಗದ. ವಾಸ್ತವದ ಏರಿಳಿತ ಈ ಲೆಕ್ಕಕ್ಕಿಂತಲೂ ಹೆಚ್ಚು.

ಸೂಕ್ಷ್ಮ ಕಣಗಳ ಅಳತೆ ಇನ್ನೂ ಕಷ್ಟ. ದ್ರಾವಕದಲ್ಲಿ ಕರಗಿಸಿ ತೂಗುವವರಿದ್ದಾರೆ, ನೀರಿನ ಒಟ್ಟು ಇಂಗಾಲವನ್ನು ಅಳೆಯುವವರಿದ್ದಾರೆ, ಸೂಕ್ಷ್ಮದರ್ಶಕದಲ್ಲಿ ಎಣಿಸುವವರಿದ್ದಾರೆ, ಜಾಲರಿಯ ತುಂಡನ್ನು ತಿರುಳಿನಲ್ಲಿ ತೂಗುಹಾಕಿ ಹತ್ತಿದ್ದನ್ನು ತೂಗುವವರೂ ಇದ್ದಾರೆ. ದ್ರಾವಕ ಮರದ ಸಹಜ ರಾಳವನ್ನೂ ಕರಗಿಸುತ್ತದೆ. ಇಂಗಾಲದ ಅಳತೆ ಪಿಷ್ಟವನ್ನೂ ಸೇರಿಸಿಕೊಳ್ಳುತ್ತದೆ, ಆದರೆ ಅಂಟುಕಣಗಳಂತೆ ಪಿಷ್ಟ ಜಾಲರಿಯನ್ನು ಹಿಡಿಯುವುದಿಲ್ಲ. ನಾಲ್ಕು ವಿಧಾನಗಳು ನಾಲ್ಕು ಬೇರೆ ಬೇರೆ ರಾಶಿಗಳನ್ನು ಅಳೆಯುತ್ತವೆ. ಅವುಗಳಿಗೆ 'ಸೂಕ್ಷ್ಮ ಅಂಟುಕಣ' ಎಂಬ ಒಂದೇ ಹೆಸರು ಕೊಟ್ಟು ಹೋಲಿಸುವುದು ಉದ್ದವನ್ನೂ ತೂಕವನ್ನೂ ಹೋಲಿಸಿದಂತೆ.

ಹಾಲು ಒಡೆಯುವ ಸಮಸ್ಯೆ

ಅಳತೆ ನಿಖರವಾಗಿದ್ದರೂ ಮುನ್ಸೂಚನೆ ಸುಲಭವಲ್ಲ. ಅದಕ್ಕೆ ಎರಡು ಭೌತಿಕ ಕಾರಣಗಳಿವೆ.

ಮೊದಲನೆಯದು, ಅಂಟುವ ಗುಣ ವಸ್ತುವಿನದಷ್ಟೇ ಅಲ್ಲ, ಉಷ್ಣತೆಯದೂ ಹೌದು. ಅಂಟು ಹಿಡಿಯಬೇಕಾದರೆ ಅದು ಮೇಲ್ಮೈಯ ಉಬ್ಬುತಗ್ಗುಗಳಿಗೆ ಹರಿದು ಹೊಂದಿಕೊಳ್ಳುವಷ್ಟು ಮೃದುವಾಗಿರಬೇಕು. ಈ ಮೃದುತ್ವದ ಮಿತಿಯನ್ನು 3ಎಂ ಕಂಪೆನಿಯ ಕಾರ್ಲ್ ಡಾಲ್‌ಕ್ವಿಸ್ಟ್ ಗುರುತಿಸಿದರು. ಸ್ಥಿತಿಸ್ಥಾಪಕತೆಯ ಗುಣಾಂಕ 1ರಿಂದ 3 ಲಕ್ಷ ಪಾಸ್ಕಲ್ ಆಸುಪಾಸಿಗಿಂತ ಕೆಳಗಿದ್ದರೆ ವಸ್ತು ಜಿಗುಟಾಗುತ್ತದೆ. ಅಕ್ರಿಲಿಕ್ ಅಂಟು ಕೋಣೆಯ ಉಷ್ಣತೆಯಲ್ಲೇ ಜಿಗುಟು. ಬಿಸಿಯಲ್ಲಿ ಹಚ್ಚುವ ಅಂಟು 25° ಸೆ.ನಲ್ಲಿ ಗಟ್ಟಿ ಪ್ಲಾಸ್ಟಿಕ್‌ನಂತಿರುತ್ತದೆ. ಆದರೆ 100° ಸೆ. ದಾಟಿದ ಸಿಲಿಂಡರ್ ಮುಟ್ಟಿದೊಡನೆ ಮೆತ್ತಗಾಗುತ್ತದೆ. ಹೀಗಾಗಿ ಪ್ರಯೋಗಶಾಲೆಯ ಒಂದು ಉಷ್ಣತೆಯಲ್ಲಿ ನಡೆಸಿದ ಪರೀಕ್ಷೆ ಯಂತ್ರದ ಬೇರೆ ಬೇರೆ ಭಾಗಗಳ ಬಗ್ಗೆ ಒಂದೇ ಮಾತು ಹೇಳಲಾರದು.

ಎರಡನೆಯದು ಕಲಿಲಗಳ ವರ್ತನೆ. ಅತಿ ಸೂಕ್ಷ್ಮ ಅಂಟುಕಣಗಳು ಸಾಮಾನ್ಯವಾಗಿ ಋಣ ವಿದ್ಯುದಾವೇಶ ಹೊತ್ತಿರುತ್ತವೆ. ಪರಸ್ಪರ ವಿಕರ್ಷಿಸುವುದರಿಂದ ಒಂದಾಗದೆ ನೀರಿನಲ್ಲಿ ತೇಲುತ್ತಿರುತ್ತವೆ. ಡೆರ್ಯಾಗಿನ್ ಮತ್ತು ಲ್ಯಾಂಡೌ 1941ರಲ್ಲಿ, ವರ್ವೆ ಮತ್ತು ಓವರ್‌ಬೀಕ್ 1948ರಲ್ಲಿ ಈ ಸಮತೋಲನದ ಸಿದ್ಧಾಂತವನ್ನು ಮಂಡಿಸಿದರು. ಆಲಂ, ಕ್ಯಾಲ್ಸಿಯಂ ಅಯಾನುಗಳು ಅಥವಾ ಧನ ಆವೇಶದ ಪಾಲಿಮರ್ ಸೇರಿದರೆ ವಿಕರ್ಷಣೆ ಕುಗ್ಗಿ ಕಣಗಳು ಒಟ್ಟುಗೂಡುತ್ತವೆ. ಹಾಲಿಗೆ ನಿಂಬೆರಸ ಬಿದ್ದಂತೆ. ಹೀಗೆ ಹೊಸದಾಗಿ ಹುಟ್ಟಿದವನ್ನು ದ್ವಿತೀಯಕ ಅಂಟುಕಣಗಳು ಎನ್ನುತ್ತಾರೆ.

ಪಾತ್ರೆಯಲ್ಲಿ ಎಷ್ಟು ಹಾಲಿದೆ ಎಂದು ಅಳೆದರೆ ಅದು ಯಾವಾಗ ಒಡೆಯುತ್ತದೆಂದು ತಿಳಿಯುವುದಿಲ್ಲ. ನಿಂಬೆರಸ ಎಲ್ಲಿ, ಎಷ್ಟು ಬೀಳುತ್ತದೆ ಎಂಬುದೂ ಗೊತ್ತಿರಬೇಕು. ಜರಡಿ ಪರೀಕ್ಷೆ ಪ್ರಾರಂಭದ ತಿರುಳನ್ನು ನೋಡುತ್ತದೆ. ಒಡೆಯುವುದು ಮುಂದೆ, ಎರಡು ಬೇರೆ ಬೇರೆ ಗುಣದ ನೀರುಗಳು ಕೂಡುವ ಕೊಳವೆಯಲ್ಲಿ. ಆದ್ದರಿಂದ ಜರಡಿಯಲ್ಲಿ ತೇರ್ಗಡೆಯಾದ ತಿರುಳೂ ಯಂತ್ರದಲ್ಲಿ ಜಮೆ ಕಟ್ಟಬಹುದು.

ನೀರಿನ ಉಳಿತಾಯ ಇದಕ್ಕೆ ಇನ್ನೊಂದು ಗಂಟು ಹಾಕುತ್ತದೆ. ಒಂದು ಟನ್ ಕಾಗದಕ್ಕೆ 20 ಕಿ.ಗ್ರಾಂ. ವಿಲೀನ ಹಾಗೂ ಕಲಿಲ ವಸ್ತು ನೀರಿಗೆ ಬಿಡುಗಡೆಯಾಗುತ್ತದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಟನ್ನಿಗೆ 20 ಘನ ಮೀಟರ್ ನೀರು ಹೊರಹೋಗುತ್ತಿದ್ದರೆ, ಏರಿಳಿತ ನಿಂತ ಸ್ಥಿತಿಯಲ್ಲಿ ಸಾಂದ್ರತೆ ಲೀಟರಿಗೆ ಸುಮಾರು 1 ಗ್ರಾಂ. ಹೊರಹೋಗುವ ನೀರನ್ನು 5 ಘನ ಮೀಟರಿಗೆ ಇಳಿಸಿದರೆ ಅದು ಲೀಟರಿಗೆ 4 ಗ್ರಾಂ ಆಗುತ್ತದೆ. ನದಿಯನ್ನು ಕಾಪಾಡಲು ನೀರು ಉಳಿಸಲೇಬೇಕು. ಆದರೆ ಆ ಉಳಿತಾಯ ಅಂಟಿನ ಸಮಸ್ಯೆಯನ್ನು ಕಾರ್ಖಾನೆಯೊಳಗೆ ಸಾಂದ್ರಗೊಳಿಸುತ್ತದೆ. ಎರಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಬೋಧಿಸಿದರೆ ವಿದ್ಯಾರ್ಥಿಗೆ ಈ ಸಂಬಂಧ ಕಾಣುವುದೇ ಇಲ್ಲ.

ಪರಿಹಾರಗಳಿಗೆ ಒಂದೇ ಪ್ರಶ್ನೆ

ಕಾರ್ಖಾನೆಯೊಳಕ್ಕೆ ಬಂದ ಅಂಟಿಗೆ ಹೊರಹೋಗಲು ಮೂರೇ ದಾರಿಗಳಿವೆ: ಜರಡಿ ಮುಂತಾದವು ಬೇರ್ಪಡಿಸಿದ ಕಸ, ಹೊರಹೋಗುವ ನೀರು, ಹಾಗೂ ತಯಾರಾದ ಕಾಗದ. ಈ ಮೂರರಲ್ಲೂ ಹೋಗದ್ದು ಒಳಗೇ ಉಳಿಯುತ್ತದೆ. ಇದು ದ್ರವ್ಯ ಸಂರಕ್ಷಣೆಯ ನಿಯಮ. ಆದ್ದರಿಂದ 'ನಿಯಂತ್ರಣ' ಎಂದು ಹೇಳಿಕೊಳ್ಳುವ ಪ್ರತಿಯೊಂದು ಉಪಾಯಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಅಂಟು ಹೋದದ್ದು ಎಲ್ಲಿಗೆ?

ಸೂಕ್ಷ್ಮ ಸೀಳಿನ ಒತ್ತಡ ಜರಡಿಗಳು, ನೀರಿಗಿಂತ ಹಗುರವಾದುದನ್ನು ಬೇರ್ಪಡಿಸುವ ಸುಳಿ ಯಂತ್ರಗಳು, ಗಾಳಿಯ ಗುಳ್ಳೆಗಳಿಂದ ಮಸಿಯ ಜತೆ ಅಂಟನ್ನೂ ತೇಲಿಸುವ ತೊಟ್ಟಿಗಳು, ಇವು ಪ್ರಾಮಾಣಿಕ ಉತ್ತರ ಕೊಡುತ್ತವೆ. ತೆಗೆದದ್ದು ಕಣ್ಣೆದುರು ಕಸವಾಗಿ ಬಿದ್ದಿರುತ್ತದೆ, ತೂಗಬಹುದು.

ತಿರುಳನ್ನು ಶೇ. 30ರಷ್ಟು ಗಟ್ಟಿಮಾಡಿ, 90° ಸೆ. ಆಸುಪಾಸಿಗೆ ಕಾಯಿಸಿ ನಾದುವ ಯಂತ್ರದ ಕಥೆ ಬೇರೆ. ಅದರಿಂದ ಹೊರಬಂದ ತಿರುಳಿನಲ್ಲಿ ಸ್ಥೂಲ ಕಣಗಳ ಎಣಿಕೆ ಧುತ್ತನೆ ಇಳಿಯುತ್ತದೆ. ಇದನ್ನು 'ಅಂಟಿನ ನಿವಾರಣೆ' ಎಂದು ಬಣ್ಣಿಸುವುದುಂಟು. ಅಲ್ಲಿ ನಿವಾರಣೆ ನಡೆದಿಲ್ಲ, ಒಡೆಯುವಿಕೆ ನಡೆದಿದೆ. ನಮ್ಮ 1, 5, 0 ಲೆಕ್ಕದ ಕೊನೆಯ ಹೆಜ್ಜೆ ಇದೇ. ಕಾಗದದ ಮೇಲೆ ಕಣ್ಣಿಗೆ ಕಾಣುವ ಚುಕ್ಕೆಗಳು ಹೋಗುತ್ತವೆ ಎಂಬ ಪ್ರಯೋಜನ ನಿಜ. ಆದರೆ ಆ ಪ್ರಯೋಜನಕ್ಕೆ ಅದರದೇ ಹೆಸರು ಇರಲಿ.

ಟಾಲ್ಕ್ ಪುಡಿ ಹಾಕುವುದು ಚಪಾತಿ ಉಂಡೆಗೆ ಒಣಹಿಟ್ಟು ಸವರಿದಂತೆ. ಟಾಲ್ಕಿನ ಜಲವಿಕರ್ಷಕ ಮುಖ ಅಂಟಿನ ಮೇಲೆ ಕೂತು ಜಿಗುಟನ್ನು ಮುಚ್ಚುತ್ತದೆ. ಪಾಲಿವಿನೈಲ್ ಆಲ್ಕೊಹಾಲ್ ಕೂಡ ಕಣದ ಸುತ್ತ ನೀರುಪ್ರಿಯ ಹೊದಿಕೆ ಕಟ್ಟುತ್ತದೆ. ಉಪಯುಕ್ತ ಉಪಾಯಗಳೇ. ಆದರೆ ಉಂಡೆಯನ್ನು ಮತ್ತೆ ನಾದಿದರೆ ಹಸಿ ಹಿಟ್ಟು ಹೊರಬರುವಂತೆ, ಬಿರುಸಿನ ಕಡೆತಕ್ಕೆ ಸಿಕ್ಕ ಕಣದಲ್ಲಿ ಹೊಸ ಜಿಗುಟು ಮೇಲ್ಮೈ ತೆರೆದುಕೊಳ್ಳಬಹುದು. ಧನ ಆವೇಶದ ಪಾಲಿಮರುಗಳು ಸೂಕ್ಷ್ಮ ಕಣಗಳನ್ನು ನಾರಿಗೆ ಕಟ್ಟಿಹಾಕಿ ಕಾಗದದೊಂದಿಗೇ ಹೊರಗೆ ಕಳುಹಿಸುತ್ತವೆ. ಇದು ಯಂತ್ರವನ್ನು ಕಾಪಾಡುತ್ತದೆ, ಆದರೆ ಅಂಟು ಮುಂದಿನ ಮರುಬಳಕೆಯಲ್ಲಿ ಮತ್ತೊಂದು ಕಾರ್ಖಾನೆಯ ಬಾಗಿಲಿಗೆ ಬರುತ್ತದೆ. ಪ್ರಮಾಣ ತಪ್ಪಿದರೆ ಕಣಗಳು ನಾರಿನ ಬದಲು ತಮ್ಮತಮ್ಮಲ್ಲೇ ಕೂಡಿಕೊಳ್ಳುತ್ತವೆ.

ಕಿಣ್ವಗಳ ಬಗ್ಗೆಯೂ ಎರಡು ಮಾತು. ಬಕ್‌ಮನ್ ಲ್ಯಾಬೊರೇಟರೀಸ್ ಕಂಪೆನಿಯ 'ಆಪ್ಟಿಮೈಜ್' ಎಂಬ ಎಸ್ಟರೇಸ್ ಕಿಣ್ವಕ್ಕೆ 2004ರಲ್ಲಿ ಅಮೆರಿಕದ ಅಧ್ಯಕ್ಷೀಯ ಹಸಿರು ರಸಾಯನವಿಜ್ಞಾನ ಪ್ರಶಸ್ತಿ ಬಂತು. ಇದು ಪಾಲಿವಿನೈಲ್ ಅಸಿಟೇಟಿನ ಎಸ್ಟರ್ ಬಂಧಗಳನ್ನು ಕತ್ತರಿಸಿ, ಅಂಟನ್ನು ಜಿಗುಟಿಲ್ಲದ ಆಲ್ಕೊಹಾಲ್ ರೂಪಕ್ಕೆ ತರುತ್ತದೆ. ದ್ರಾವಕಗಳಿಗೆ ಬದಲಾಗಿ ಕಿಣ್ವ ಬಳಸುವ ಈ ಕಲ್ಪನೆ ಪ್ರಶಂಸನೀಯ. ಆದರೆ ಕಿಣ್ವ ಕತ್ತರಿಸುವುದು ಎಸ್ಟರ್ ಬಂಧವನ್ನು. ಸ್ಟೈರೀನ್ ಬ್ಯುಟಡೈಯೀನಿನಲ್ಲಿ, ಪ್ಯಾರಾಫಿನ್ ಮೇಣದಲ್ಲಿ ಆ ಬಂಧವೇ ಇಲ್ಲ. ಯಾವ ರದ್ದಿಯಲ್ಲಿ ಯಾವ ಅಂಟು ಇದೆ ಎಂದು ತಿಳಿಯದೆ ಕಿಣ್ವವನ್ನು ಸರ್ವರೋಗಕ್ಕೂ ಮದ್ದೆಂದು ಹೊಗಳುವುದು ಪದವಿಪೂರ್ವ ತರಗತಿಯ ರಸಾಯನಶಾಸ್ತ್ರವನ್ನೇ ಮರೆತಂತೆ.

ಅಂಚೆ ಚೀಟಿ ಕಲಿಸಿದ ಪಾಠ

ಹಾಗಾದರೆ ಜರಡಿ ಪರೀಕ್ಷೆ ನಿರುಪಯೋಗಿಯೆ? ಖಂಡಿತ ಅಲ್ಲ. ಸರಿಯಾದ ಪ್ರಶ್ನೆ ಕೇಳಿದಾಗ ಅದು ಎಷ್ಟು ಸಮರ್ಥ ಎಂಬುದನ್ನು ಅಮೆರಿಕದ ಅಂಚೆ ಇಲಾಖೆಯ ಅನುಭವ ತೋರಿಸುತ್ತದೆ. ಒದ್ದೆಮಾಡದೆ ಅಂಟಿಸಬಲ್ಲ ಅಂಚೆ ಚೀಟಿಯನ್ನು ಅಲ್ಲಿ ಮೊದಲು ಪ್ರಯೋಗಿಸಿದ್ದು 1974ರಲ್ಲಿ. 1990ರ ದಶಕದಲ್ಲಿ ಜನ ಅದನ್ನೇ ಮೆಚ್ಚಿ ಕೊಳ್ಳತೊಡಗಿದರು. ಕಚೇರಿ ರದ್ದಿಯಿಂದ ಕಾಗದ ಮಾಡುವವರು ಆತಂಕಗೊಂಡರು. ಅಂಚೆ ಇಲಾಖೆ ಅಂಟು ತಯಾರಕರನ್ನೂ ಕಾಗದ ತಯಾರಕರನ್ನೂ ಕೂಡಿಸಿತು. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿರುವ ಅರಣ್ಯ ಉತ್ಪನ್ನಗಳ ಪ್ರಯೋಗಾಲಯದ ನೆರವಿನಿಂದ ಅಂಟುಗಳನ್ನು ಮೊದಲು ಪ್ರಯೋಗಶಾಲೆಯಲ್ಲಿ, ಬಳಿಕ ಕಿರು ಸ್ಥಾವರದಲ್ಲಿ, ಕೊನೆಗೆ ಕಾರ್ಖಾನೆಯಲ್ಲಿ ಪರೀಕ್ಷಿಸಲಾಯಿತು.

ಅಲ್ಲಿ ಕೇಳಿದ ಪ್ರಶ್ನೆ 'ಯಂತ್ರದಲ್ಲಿ ಎಷ್ಟು ಜಮೆಯಾಗುತ್ತದೆ' ಎಂದಲ್ಲ, 'ಈ ಅಂಟು ಕಡೆತದಲ್ಲಿ ಒಡೆಯದೆ ದೊಡ್ಡದಾಗಿಯೇ ಉಳಿದು ಜರಡಿಯಲ್ಲಿ ಸಿಗುತ್ತದೆಯೆ' ಎಂದು. ಈ ಪ್ರಶ್ನೆಗೆ ಜರಡಿಯೇ ಸರಿಯಾದ ನ್ಯಾಯಾಧೀಶ. ನೀರಿನಲ್ಲಿ ನೆನೆದಾಗಲೂ ಬಲ ಕಳೆದುಕೊಳ್ಳದ ಅಂಟುಗಳು ಗೆದ್ದವು. ತಯಾರಿಕೆಯಲ್ಲಿ ಬಳಸಿದ ಸಾಬೂನಿನಂಥ ವಸ್ತು ಒಳಗೆ ಉಳಿದು, ನೀರು ಹೀರಿ ಸಡಿಲಗೊಳ್ಳುವ ಅಂಟುಗಳು ಹಿಂದೆ ಬಿದ್ದವು. ಫಲಿತಾಂಶದ ಆಧಾರದ ಮೇಲೆ ಅಂಚೆ ಚೀಟಿಯ ಅಂಟಿಗೆ ವಿಶೇಷ ಮಾನದಂಡ ರೂಪುಗೊಂಡಿತು. ಯೂರೋಪಿನಲ್ಲೂ ಇದೇ ತತ್ತ್ವದ ಮೇಲೆ ಮುದ್ರಿತ ವಸ್ತುಗಳ ಅಂಟಿಗೆ ಅಂಕ ಕೊಡುವ ಪದ್ಧತಿ ಬಂದಿದೆ. ಅದರಲ್ಲಿ 2 ಮಿ.ಮೀ.ಗಿಂತ ಚಿಕ್ಕದಾಗಿ ಒಡೆದ ಅಂಟು ಹೆಚ್ಚಿದಷ್ಟೂ ಅಂಕ ಕಡಿಮೆ.

ಇಲ್ಲಿ ಗಮನಿಸಬೇಕಾದ ವಿರೋಧಾಭಾಸವೊಂದಿದೆ. 'ನೀರಿನಲ್ಲಿ ಬೆರೆತುಹೋಗುವ ಅಂಟು' ಎಂದರೆ ಪರಿಸರಕ್ಕೆ ಒಳ್ಳೆಯದೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಕಾಗದದ ಮರುಬಳಕೆಯಲ್ಲಿ ಅಂಥ ಅಂಟು ನೀರಿನಲ್ಲಿ ಸುತ್ತುತ್ತಾ ಉಳಿಯುತ್ತದೆ. ಹಠಮಾರಿಯಾಗಿ ಒಂದೇ ತುಂಡಾಗಿರುವ ಅಂಟೇ ಹಿಡಿಯಲು ಸುಲಭ.

ಅಂಚೆ ಚೀಟಿಯ ಯಶಸ್ಸಿಗೂ ಮಿತಿಯಿದೆ. ಅಂಚೆ ಇಲಾಖೆ ಏಕೈಕ ದೊಡ್ಡ ಗ್ರಾಹಕ, ಅದು ಹೇಳಿದ ಅಂಟನ್ನು ತಯಾರಕರು ಕೊಟ್ಟರು. ಲೇಬಲ್, ಟೇಪು, ಲಕೋಟೆಗಳ ಮಾರುಕಟ್ಟೆಗೆ ಅಂಥ ಒಬ್ಬ ಯಜಮಾನನಿಲ್ಲ. ಅಂಟನ್ನು ಆಯ್ಕೆ ಮಾಡುವವರು ಒಬ್ಬರು, ಅದರಿಂದ ನಷ್ಟ ಅನುಭವಿಸುವವರು ಇನ್ನೊಬ್ಬರು.

ನಮಗೇನು ಸಂಬಂಧ?

ಇಂದು ಭಾರತದಲ್ಲಿ ತಯಾರಾಗುವ ಕಾಗದ ಮತ್ತು ರಟ್ಟಿನ ಬಹುಪಾಲು ರದ್ದಿಯಿಂದಲೇ ಬರುತ್ತದೆ. ನಂಜನಗೂಡಿನಲ್ಲೂ ರದ್ದಿಯನ್ನು ನೆಚ್ಚಿದ ಕಾರ್ಖಾನೆಯಿದೆ. ದೇಶದ ರದ್ದಿ ಸಾಲದೆ ಅಮೆರಿಕ, ಯೂರೋಪುಗಳಿಂದಲೂ ತರಿಸಿಕೊಳ್ಳುತ್ತೇವೆ. ಅಲ್ಲಿ ಹಚ್ಚಿದ ಅಂಟನ್ನು ಇಲ್ಲಿ ತೆಗೆಯಬೇಕು. ಮನೆಮನೆಗೆ ಸಾಮಾನು ತಲುಪಿಸುವ ವ್ಯಾಪಾರ ಬೆಳೆದಂತೆ ನಮ್ಮದೇ ಪೆಟ್ಟಿಗೆಗಳ ಮೇಲೂ ಟೇಪು, ಲೇಬಲ್ ಹೆಚ್ಚುತ್ತಿವೆ. ಆದ್ದರಿಂದ ಪೆಟ್ಟಿಗೆಯ ಮೇಲೆ 'ಮರುಬಳಕೆಗೆ ಯೋಗ್ಯ' ಎಂದು ಅಚ್ಚುಹಾಕುವಾಗ ಅದರ ಅಂಟನ್ನೂ ಪರೀಕ್ಷಿಸಿರಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ.

ಶಿಕ್ಷಕರು ತರಗತಿಯಲ್ಲೇ ಒಂದು ಪ್ರಯೋಗ ಮಾಡಿಸಬಹುದು. ಒಂದೇ ಬಗೆಯ ಹತ್ತು ಲೇಬಲ್‌ಗಳನ್ನು ತೂಗಿ, ತೂಕ ಗೊತ್ತಿರುವ ಹಳೆ ಕಾಗದಕ್ಕೆ ಹಚ್ಚಿ. ಅರ್ಧವನ್ನು ತಣ್ಣೀರಿನಲ್ಲಿ, ಉಳಿದರ್ಧವನ್ನು ಕೈಗೆ ಹಿತವಾಗುವಷ್ಟು ಬಿಸಿನೀರಿನಲ್ಲಿ ಒಂದೇ ಅವಧಿ ರುಬ್ಬಿ. ಮೊದಲು ಚಹಾ ಸೋಸುವ ಜಾಲರಿಯಲ್ಲಿ, ಬಳಿಕ ತೆಳು ಬಟ್ಟೆಯಲ್ಲಿ ಸೋಸಿ. ಎರಡರಲ್ಲೂ ಸಿಕ್ಕ ಅಂಟುತುಣುಕುಗಳನ್ನು ಎಣಿಸಿ, ಒಣಗಿಸಿ ತೂಗಿ. ಎಣಿಕೆ ಹೇಳುವುದಕ್ಕೂ ತೂಕ ಹೇಳುವುದಕ್ಕೂ ಹೊಂದಿಕೆಯಿದೆಯೆ? ಸಿಗದೆ ಹೋದ ತೂಕ ಎಲ್ಲಿದೆ? ಪಾತ್ರೆಯ ಗೋಡೆಯನ್ನೂ ನೋಡಿ. ಅಡುಗೆಮನೆಯ ಮಿಕ್ಸಿಯನ್ನು ಮಾತ್ರ ಈ ಪ್ರಯೋಗಕ್ಕೆ ತರಬೇಡಿ. ಕೈಗೆ ಹಲಸಿನ ಅಂಟು ಹತ್ತಿಸಿಕೊಂಡವರಿಗೆ ಕಾರಣ ಹೇಳಬೇಕಾಗಿಲ್ಲ.

ಅಳೆಯಲು ಸುಲಭವಾದುದನ್ನು ಅಳೆದು, ಆ ಸಂಖ್ಯೆ ಇಳಿದಾಗ ಸಮಸ್ಯೆಯೇ ಇಳಿಯಿತೆಂದು ತಿಳಿಯುವುದು ಕಾಗದ ಉದ್ಯಮಕ್ಕಷ್ಟೇ ಸೀಮಿತವಾದ ತಪ್ಪಲ್ಲ. ಆದರೆ ಈ ತಪ್ಪನ್ನು ಕಣ್ಣಾರೆ ತೋರಿಸಿ ಕಲಿಸಲು ಅಂಟುಕಣಗಳು ಒಳ್ಳೆಯ ಉದಾಹರಣೆ. ಮುಂದಿನ ಸಲ ವಸ್ತುಪ್ರದರ್ಶನದ ಗೋಡೆಯ ಮೇಲೆ ಮರುಬಳಕೆಯ ವೃತ್ತ ಬರೆಯುವಾಗ ನಾಲ್ಕನೆಯದೊಂದು ಬಾಣ ಸೇರಿಸೋಣ. ಅದರ ತುದಿಯಲ್ಲಿ ಅಂಟು ಎಂದು ಬರೆದು, ಪಕ್ಕದಲ್ಲಿ ಅದರ ತೂಕವನ್ನೂ ನಮೂದಿಸೋಣ.